ಹಾನಿಕಾರಕತೆ

ಕೇಡು ಮಾಡಬಲ್ಲ ಗುಣಕ್ಕೆ ವಿಜ್ಞಾನ, ಕಾನೂನು ಮತ್ತು ಕಚೇರಿಯ ಕನ್ನಡದಲ್ಲಿರುವ ಹೆಸರು. ಇಂಗ್ಲಿಷಿನ ‘ನಾಕ್ಷಸ್‌ನೆಸ್’ ಇದಕ್ಕೆ ಸಂವಾದಿ. ಅದರ ಬೇರು ಲ್ಯಾಟಿನ್ನಿನ ‘ನೋಕ್ಸಾ’, ಅಂದರೆ ಕೇಡು. ‘ಇನ್ನೊಸೆಂಟ್’ ಕೂಡ ಇದೇ ಬಳಗದ್ದು. ಕೇಡು ಮಾಡದವನು ಎಂಬುದು ಅದರ ಮೊದಲ ಅರ್ಥ. ಸಂಸ್ಕೃತದ ‘ಹಾನಿ’ಯ ಧಾತುವಿಗೆ ಬಿಡು, ತೊರೆ ಎಂಬ ಅರ್ಥವಿದೆ. ಅಚ್ಚಗನ್ನಡದ ‘ಕೇಡು’ ಹುಟ್ಟಿದ್ದು ‘ಕೆಡು’ ಕ್ರಿಯೆಯಿಂದ. ತೆಲುಗಿನಲ್ಲಿ ಅದು ‘ಚೇಟು’.

ಗುಣವಾಚಕವಾದ ‘ಹಾನಿಕರ’ವನ್ನು ಸಿಗರೇಟು ಪೊಟ್ಟಣ, ಸಿನಿಮಾ ಪರದೆಗಳು ಮನೆಮಾತಾಗಿಸಿವೆ. ಕಾನೂನಿನಲ್ಲಿ ಅದು ಹಳೆಯದು. ಗಾಳಿಯನ್ನು ಆರೋಗ್ಯಕ್ಕೆ ಹಾನಿಕರವಾಗುವಂತೆ ಕೆಡಿಸುವುದು 1860ರ ಭಾರತೀಯ ದಂಡ ಸಂಹಿತೆಯ 278ನೇ ಕಲಮಿನ ಅಪರಾಧವಾಗಿತ್ತು. ದಂಡ 500 ರೂಪಾಯಿವರೆಗೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 280ನೇ ಕಲಂ, ದಂಡ 1,000ದವರೆಗೆ. ಊರೆಲ್ಲ ಉಸಿರಾಡುವ ಗಾಳಿಗೆ ಇದು ತೀರಾ ಕಡಿಮೆ.

ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲೂಕಿನ ಮಂಠಾಳದಲ್ಲಾಗಲಿ, ಹುಮನಾಬಾದಿನಲ್ಲಾಗಲಿ ಈ ಉದ್ದನೆಯ ಪದ ಬಾಯಿಗೆ ಬರುವುದಿಲ್ಲ. ಅಲ್ಲಿನ ಮಾತು ‘ಲುಕ್ಸಾನ’. ಅರಬ್ಬಿಯ ‘ನುಕ್ಸಾನ್’ ಉರ್ದುವಿನ ದಾರಿಯಲ್ಲಿ ಬಂದು ಹೀಗಾಯಿತು. 1948ರವರೆಗಿನ ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಕಚೇರಿಯ ಭಾಷೆ ಉರ್ದುವೇ. (ಲ್ಯಾಟಿನ್ನಿನ ನೋಕ್ಸಾಕ್ಕೂ ಈ ನುಕ್ಸಾನ್‌ಗೂ ಉಚ್ಚಾರ ಹತ್ತಿರ, ನಂಟಿಲ್ಲ.) ‘ಮಳಿ ಬಂದ್ ಸೋಯಾ ಲುಕ್ಸಾನ ಆಗ್ಯಾದ’ ಎಂದರೆ ಆಗಿಹೋದ ನಷ್ಟ. ಹಾನಿಕಾರಕತೆಯಾದರೋ ನಷ್ಟಕ್ಕೆ ಮೊದಲೇ ವಸ್ತುವಿನೊಳಗೆ ಕೂತಿರುವಂಥದ್ದು.

ಈ ಅಂತರದ ತೂಕ ತಿಳಿಯುವುದು ಹೊಲದಲ್ಲಿ. ತೊಗರಿಗೆ ಕಾಯಿಕೊರಕ ಬಿದ್ದಾಗ ರೈತರು ಹೊಡೆಯುವುದು ‘ಎಣ್ಣಿ’ ಇಲ್ಲವೇ ‘ಔಷಧ’. ಎರಡು ಹೆಸರಿನಲ್ಲೂ ವಿಷದ ಸುಳಿವಿಲ್ಲ. ಅದನ್ನು ಹೇಳುವುದು ಡಬ್ಬಿಯ ಮೇಲಿನ ಗುರುತು: ಮೂಲೆಯ ಮೇಲೆ ನಿಂತ ಚೌಕ, ಅದರಲ್ಲಿ ಎರಡು ತ್ರಿಕೋನ, ಕೆಳಗಿನದಕ್ಕೆ ಬಣ್ಣ. 1971ರ ಕೀಟನಾಶಕ ನಿಯಮಗಳಂತೆ ಕೆಂಪು ಅತಿ ಘೋರ ವಿಷ, ಅದರ ಮೇಲೆ ತಲೆಬುರುಡೆ. ಆಮೇಲೆ ಹಳದಿ, ನೀಲಿ, ಹಸಿರು. ಹೊಟ್ಟೆಗೆ ಹೋದಾಗ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ದೇಹತೂಕದ ಕಿಲೋಗೆ 50 ಮಿಲಿಗ್ರಾಂ ಒಳಗಿದ್ದರೆ ಕೆಂಪು; 5,000 ದಾಟಿದರೆ ಹಸಿರು. ಹಸಿರು ಕಂಡರೆ ಭಯವಿಲ್ಲ ಎಂದುಕೊಳ್ಳುವುದು ತಪ್ಪು, ಅದೂ ವಿಷವೇ.

ಬಣ್ಣ ಹೇಳುವುದು ಡಬ್ಬಿಯೊಳಗಿನ ಗುಣವನ್ನು ಮಾತ್ರ. ಅದು ಮೈಗೆ ಸೇರುವ ದಾರಿ ಬೇರೆ. ಬರಿಗೈಯಲ್ಲಿ ಎಣ್ಣಿ ಬೆರೆಸಿ, ಬದುವಿನ ಮೇಲೆ ಕೂತು, ಕೈ ತೊಳೆಯದೆ ಅದೇ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿದರೆ, ಬೆರಳಿಗಂಟಿದ ವಿಷವೂ ತಂಬಾಕಿನ ಜೊತೆ ತುಟಿಯೊಳಗೆ ಹೋಗುತ್ತದೆ.