ಬೆದೆಯ ಹೆಸರು, ಮೀನಿನ ಮೈಗಾವಲು

ಅನುವಾದ ನನ್ನ ಹೊಟ್ಟೆಪಾಡು. ಪುಣೆಯಲ್ಲಿ ಕೂತು ಔಷಧಿ ಡಬ್ಬಿಯೊಳಗಿನ ಮಾಹಿತಿ ಚೀಟಿಗಳನ್ನು ಕನ್ನಡಕ್ಕೆ ತರುತ್ತೇನೆ. ‘ಈಸ್ಟ್ರೋಜನ್’ ಬಂದಲ್ಲೆಲ್ಲ ‘ಸ್ತ್ರೀ ಹಾರ್ಮೋನು’ ಎಂದು ಬರೆದು ಮುಂದೆ ಹೋಗುವುದು ನನ್ನ ಹಳೆಯ ರೂಢಿ. ಆ ಪದ ಅರ್ಧ ಸತ್ಯ ಎಂದು ನನಗೆ ತಿಳಿದದ್ದು ಮೀನುಗಳ ಬಗ್ಗೆ ಓದುವಾಗ.

ಹೆಸರಿನಿಂದಲೇ ಶುರು ಮಾಡೋಣ. ಗ್ರೀಕಿನಲ್ಲಿ ‘ಓಯಿಸ್ಟ್ರೋಸ್’ ಎಂದರೆ ದನಗಳನ್ನು ಕಚ್ಚಿ ಹುಚ್ಚೆಬ್ಬಿಸುವ ನೊಣ. ಅದರಿಂದ ಬೆದೆಗೆ ‘ಈಸ್ಟ್ರಸ್’ ಎಂಬ ಪದ ಬಂತು, ಬೆದೆ ಬರಿಸುವ ವಸ್ತು ‘ಈಸ್ಟ್ರೋಜನ್’ ಆಯಿತು. 1923ರಲ್ಲಿ ಅಮೆರಿಕದ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಅಂಡಾಶಯದ ದ್ರವ ಚುಚ್ಚಿ ಇಲಿಗಳಲ್ಲಿ ಬೆದೆ ಬರಿಸಿದರು. 1929ರಲ್ಲಿ ಡಾಯ್ಸಿ ಅಲ್ಲಿ, ಬುಟೆನಾಂಟ್ ಜರ್ಮನಿಯಲ್ಲಿ, ಈಸ್ಟ್ರೋನ್ ಎಂಬ ಹಾರ್ಮೋನನ್ನು ಬೇರ್ಪಡಿಸಿದರು. 1938ರಲ್ಲಿ ಬರ್ಲಿನ್ನಿನಲ್ಲಿ, ನುಂಗಿದರೂ ಕೆಲಸ ಮಾಡುವ ಕೃತಕ ರೂಪ ಸಿದ್ಧವಾಯಿತು: ಎಥಿನೈಲ್ ಈಸ್ಟ್ರಾಡಯೋಲ್. ನಮ್ಮ ಮಾಲಾ-ಎನ್ ಗುಳಿಗೆಯಲ್ಲಿ ಇರುವುದೂ ಇದೇ. ಎಲ್ಲರ ಕಣ್ಣೂ ಬಸಿರಿನ ಕಡೆಗೇ ಇತ್ತು, ಹೆಸರಿನಲ್ಲೂ ಅದೇ ಉಳಿಯಿತು.

ಮೀನು ಈ ಕಥೆಗೆ ಬಂದದ್ದು ಚರಂಡಿಯ ದಾರಿಯಿಂದ. ಇಂಗ್ಲೆಂಡಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ನದಿ ಸೇರುವಲ್ಲಿ ಪಂಜರದೊಳಗೆ ಟ್ರೌಟ್ ಮೀನುಗಳನ್ನು ಇಟ್ಟು ನೋಡಿದರು. ತತ್ತಿಯ ಬಂಡಾರಕ್ಕೆ ಬೇಕಾದ ವೈಟೆಲೋಜೆನಿನ್ ಎಂಬ ಪ್ರೋಟೀನು ಗಂಡು ಮೀನಿನ ರಕ್ತದಲ್ಲೂ ತುಂಬಿತ್ತು. 1998ರಲ್ಲಿ ಸೂಸನ್ ಜಾಬ್ಲಿಂಗ್, ಜಾನ್ ಸಂಪ್ಟರ್ ಮತ್ತು ಸಂಗಡಿಗರು ಅಲ್ಲಿನ ಹಲವು ನದಿಗಳ ಗಂಡು ರೋಚ್ ಮೀನುಗಳ ವೃಷಣದಲ್ಲಿ ತತ್ತಿಗಳಿರುವುದನ್ನು ವರದಿ ಮಾಡಿದರು. ದೂರು ಬರೀ ಗುಳಿಗೆಯ ಮೇಲಲ್ಲ. ಮನುಷ್ಯರ ಮೂತ್ರದಲ್ಲಿ ಸಹಜವಾಗಿ ಹೋಗುವ ಹಾರ್ಮೋನುಗಳೂ ಆ ನೀರಿನಲ್ಲಿದ್ದವು. ಪ್ರಮಾಣ ಎಷ್ಟು ಸಾಕು? ಕೆನಡಾದ ಕ್ಯಾರೆನ್ ಕಿಡ್ 2001ರಿಂದ 2003ರವರೆಗೆ ಒಂದು ಸರೋವರಕ್ಕೆ ಕೃತಕ ಈಸ್ಟ್ರೋಜನ್ ಹಾಕಿ ನೋಡಿದರು. ಲೀಟರಿಗೆ ಸುಮಾರು 5 ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಐದು ಪಾಲು. ಅಷ್ಟಕ್ಕೇ ಅಲ್ಲಿನ ಒಂದು ಪುಟ್ಟ ಮೀನಿನ ಸಂತತಿ ಅಳಿವಿನ ಅಂಚಿಗೆ ಬಂತು.

ಇಷ್ಟಾದರೂ ಇದು ಗಂಡು–ಹೆಣ್ಣಿನ ಕಥೆಯೇ. ತಿರುವು ಬಂದದ್ದು ಅಮೆರಿಕದ ಪೊಟೊಮ್ಯಾಕ್ ನದಿಯಲ್ಲಿ. 2002ರಿಂದ ಅಲ್ಲಿ ಬಾಸ್ ಮೀನುಗಳು ಮೈತುಂಬ ಹುಣ್ಣಾಗಿ ಸಾಯತೊಡಗಿದವು. ಕಾರಣ ಹುಡುಕಹೋದ ವಿಕಿ ಬ್ಲೇಜರ್ ತಂಡಕ್ಕೆ ಗಂಡುಗಳಲ್ಲಿ ತತ್ತಿ ಕಂಡಿತು. ಎರಡಕ್ಕೂ ನಂಟಿದೆಯೇ? 2009ರಲ್ಲಿ ಅದೇ ಬಳಗದ ಸಂಶೋಧಕರು, ಬಾಸ್ ಮೀನು ಬ್ಯಾಕ್ಟೀರಿಯಾ ವಿರುದ್ಧ ಬಳಸುವ ಹೆಪ್ಸಿಡಿನ್ ಎಂಬ ಅಣುವಿನ ತಯಾರಿಯನ್ನು ಈಸ್ಟ್ರೋಜನ್ ಕುಗ್ಗಿಸುತ್ತದೆ ಎಂದು ತೋರಿಸಿದರು. ಹುಣ್ಣಿಗೆ ಅದೊಂದೇ ಕಾರಣ ಎಂದು ಇದರಿಂದ ಸಾಬೀತಾಗಲಿಲ್ಲ. ಆದರೆ ಪ್ರಶ್ನೆ ಬದಲಾಯಿತು.

ಮೀನಿಗೆ ನಮ್ಮ ಹಾಗೆ ರಕ್ತ ತಯಾರಿಸುವ ಮೂಳೆಮಜ್ಜೆ ಇಲ್ಲ. ತಲೆಯ ಹಿಂದೆ ಇರುವ ಮೂತ್ರಪಿಂಡದ ಮುಂಭಾಗವೇ ಬಿಳಿ ರಕ್ತಕಣಗಳ ತವರು. ಸ್ಪೇನಿನ ಮುರ್ಸಿಯಾದಲ್ಲಿ ಅಲ್ಫೊನ್ಸಾ ಗಾರ್ಸಿಯಾ-ಅಯಾಲಾ ಅವರ ತಂಡ ಸೀಬ್ರೀಮ್ ಮೀನಿನಲ್ಲಿ ಕಂಡದ್ದು ಇದು: ರೋಗಾಣು ನುಂಗುವ ಮ್ಯಾಕ್ರೋಫೇಜ್ ಕಣಗಳಲ್ಲೇ ಈಸ್ಟ್ರೋಜನ್ನಿನ ಗ್ರಾಹಕವಿದೆ. ಅಂದರೆ ಸಂದೇಶ ಆ ಕಣಕ್ಕೆ ನೇರವಾಗಿ ತಲುಪುತ್ತದೆ. ಗಂಡು ಸೀಬ್ರೀಮ್‌ಗೆ ಈಸ್ಟ್ರಾಡಯೋಲ್ ಕೊಟ್ಟಾಗ ಇನ್ನೊಂದು ಬಗೆಯ ಬಿಳಿ ಕಣಗಳು ವೃಷಣಕ್ಕೆ ನುಗ್ಗಿದವು. ಸಂತಾನೋತ್ಪತ್ತಿ ಮುಗಿದ ಮೇಲೆ ಅಲ್ಲಿ ಸಹಜವಾಗಿ ನಡೆಯುವ ದುರಸ್ತಿಗೆ ಬರುವವೂ ಅವೇ ಕಣಗಳು.

ಹಾಗಾಗಿ ‘ಈಸ್ಟ್ರೋಜನ್ ರೋಗನಿರೋಧಕ ಶಕ್ತಿ ಕುಂದಿಸುತ್ತದೆ’ ಎಂದಷ್ಟೇ ಹೇಳಿದರೆ ತಪ್ಪಾಗುತ್ತದೆ. ಅದೇ ಹಾರ್ಮೋನು ಮಾಡಿಸುವ ವೈಟೆಲೋಜೆನಿನ್ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಅವನ್ನು ನುಂಗಲು ನೆರವಾಗುತ್ತದೆ ಎಂದು ಚೀನಾದ ಸಂಶೋಧಕರು ತೋರಿಸಿದ್ದಾರೆ. ಮನೆಯಲ್ಲಿ ಮದುವೆ ಇದ್ದಾಗ ದುಡ್ಡನ್ನೂ ಜನರನ್ನೂ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹಾಕುತ್ತೇವಲ್ಲ, ಮೊಟ್ಟೆಯಿಡುವ ಕಾಲದಲ್ಲಿ ಮೀನಿನ ಮೈಯೂ ಹಾಗೆಯೇ ಮಾಡುತ್ತದೆ. ತೊಂದರೆ ಇರುವುದು ಆ ಸಂದೇಶ ಕಾಲವಲ್ಲದ ಕಾಲದಲ್ಲಿ, ವರ್ಷವಿಡೀ, ಹೊರಗಿನ ನೀರಿನಿಂದ ಬಂದಾಗ.

ಇದನ್ನೆಲ್ಲ ಓದುತ್ತಿದ್ದಾಗ ನೆನಪಾದದ್ದು ಇಲ್ಲಿನ ಮುಳಾ-ಮುಠಾ. ಬ್ರಿಟಿಷ್ ಸೇನೆಯ ವಿಲಿಯಂ ಹೆನ್ರಿ ಸೈಕ್ಸ್ 1839ರಲ್ಲಿ ಮಹಶೀರಿನ ಒಂದು ಜಾತಿಗೆ ‘ಖುದ್ರೀ’ ಎಂದು ಹೆಸರಿಟ್ಟದ್ದು ಪುಣೆಯ ಪೂರ್ವಕ್ಕೆ ಇದೇ ನದಿಯಲ್ಲಿ ಸಿಕ್ಕ ಮೀನು ನೋಡಿ. ಮುಂದೆ ಕಾವೇರಿಗೂ ತಂದು ಬಿಟ್ಟ ಮಹಶೀರ್ ಇದೇ ಜಾತಿಯದು. ಇವತ್ತು ಆ ನದಿ ನಗರದ ಕೊಳಚೆ ಹೊರುತ್ತದೆ. ಜಪಾನಿನ ಸಾಲದ ನೆರವಿನಿಂದ 2016ರಲ್ಲಿ ಮಂಜೂರಾದ ಯೋಜನೆಯಲ್ಲಿ 11 ಶುದ್ಧೀಕರಣ ಘಟಕಗಳಿವೆ, ದಿನಕ್ಕೆ 39.6 ಕೋಟಿ ಲೀಟರ್ ಸಾಮರ್ಥ್ಯ. ಅದು ಬೇಕಾದದ್ದೇ. ಆದರೆ ಇಂಥ ಘಟಕಗಳಿಗೆ ನಮ್ಮ ದೇಶದ ನಿಯಮ ಕೇಳುವುದು ಸಾವಯವ ಕೊಳೆ, ತೇಲುವ ಕಣ, ಮಲದ ಬ್ಯಾಕ್ಟೀರಿಯಾ ಇಂಥವುಗಳ ಲೆಕ್ಕ. ಹಾರ್ಮೋನಿನ ಲೆಕ್ಕವನ್ನಲ್ಲ. ಈ ನೀರು ಭೀಮಾ ಸೇರಿ, ಉಜನಿ ಜಲಾಶಯ ದಾಟಿ, ಕಲಬುರಗಿ ಜಿಲ್ಲೆಗೆ ಬರುತ್ತದೆ. ಅಲ್ಲಿ ಬಲೆಗೆ ಬಿದ್ದ ಮೀನಿನ ಮೈಮೇಲೆ ಹುಣ್ಣು ಕಂಡರೆ ನಾವು ಮೊದಲು ಹುಡುಕುವುದು ರೋಗಾಣುವನ್ನು. ಆ ಮೀನಿನ ಕಾವಲು ಮೊದಲೇ ಸಡಿಲವಾಗಿತ್ತೇ ಎಂದೂ ಕೇಳಬೇಕು. ಕೇಳಬೇಕಾದರೆ ಅಳೆಯಬೇಕು.

ನಾನೀಗ ಚೀಟಿಗಳಲ್ಲಿ ‘ಸ್ತ್ರೀ ಹಾರ್ಮೋನು’ ಎಂದು ಬರೆಯುವುದಿಲ್ಲ. ‘ಈಸ್ಟ್ರೋಜನ್’ ಎಂದೇ ಬಿಡುತ್ತೇನೆ. ಅರ್ಥವಾಗದ ಪದ ಓದುಗರನ್ನು ಒಂದು ಕ್ಷಣ ನಿಲ್ಲಿಸಬಹುದು. ಅರ್ಥವಾಯಿತು ಅನ್ನಿಸುವ ತಪ್ಪು ಪದ ನಮ್ಮನ್ನು ಎಪ್ಪತ್ತು ವರ್ಷ ಒಂದೇ ಕಡೆ ನೋಡಿಸಿತು.