ನಗರ ದುರ್ಗಗಳ ತುಪಾಕಿಗಳೂ ಅವುಗಳ ಕರ್ಮಿಗಳೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸೀಮೆಯು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಎರಡು ಆಯುಧಾಗಾರಗಳ ನಡುವೆ ಇದ್ದಿತು. ಒಂದು ಕಡೆ ಮಲೆನಾಡಿನ ಬಿದನೂರು, ಇನ್ನೊಂದು ಕಡೆ ಬಯಲುಸೀಮೆಯ ಚಿತ್ರದುರ್ಗ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು, ಹೈದರನಗರವೆಂದು ಹೆಸರಿಟ್ಟು, ಅಲ್ಲಿ ತನ್ನ ಮುಖ್ಯ ಆಯುಧಶಾಲೆಯನ್ನು ಸ್ಥಾಪಿಸಿದನು. 1779ರಲ್ಲಿ ದುರ್ಗವೂ ಅವನ ವಶವಾಯಿತು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣ, ಬೆಂಗಳೂರುಗಳೊಡನೆ ಈ ಎರಡು ಊರುಗಳಲ್ಲಿಯೂ ಆಯುಧನಿರ್ಮಾಣವು ನಡೆಯುತ್ತಿದ್ದಿತು.

ಪಾಳೆಯಗಾರರ ಕಾಲದ ಕೋವಿಗೆ ಉರಿಯುವ ಬತ್ತಿಯೇ ಆಧಾರ. ಮಳೆ ಬಂದರೆ ಅದು ಬರಿಯ ದೊಣ್ಣೆ. ಹೊಸ ಬಂದೂಕಿನಲ್ಲಿ ಬತ್ತಿಗೆ ಬದಲಾಗಿ ಚಕಮಕಿಯ ಕಲ್ಲು ಬಂದಿತು. ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದ ಹಾಕಿ ಗಜದಿಂದ ಗಟ್ಟಿಸಬೇಕು; ಕುದುರೆಯು ಬಿದ್ದೊಡನೆ ಕಲ್ಲು ಉಕ್ಕನ್ನು ತಾಕಿ ಕಿಡಿ ಹಾರುವುದು. ಒಂದು ಸಲ ಹಾರಿಸಿದ ಮೇಲೆ ಮೊದಲಿನಿಂದ ತುಂಬಬೇಕಾದುದರಿಂದ ಆ ಒಂದು ಗುಂಡು ತಪ್ಪದಂತೆ ನಳಿಗೆಯನ್ನು ಮಾಡುವುದೇ ಕರ್ಮಿಯ ಕುಶಲತೆಯಾಗಿದ್ದಿತು. 1788ರಲ್ಲಿ ಪ್ಯಾರಿಸಿಗೆ ಹೋದ ಟಿಪ್ಪುವಿನ ರಾಯಭಾರಿಗಳು ಫ್ರೆಂಚ್ ಅರಸನಿಂದ ಕುಶಲಕರ್ಮಿಗಳನ್ನೂ ಬೇಡಿದರು.

ಅದೇ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಜರ್ಮನ್ ವಂಶದ ಕರ್ಮಿಗಳು, ನಳಿಗೆಯೊಳಗೆ ಸುರುಳಿಯಾಗಿ ಗೀರು ಕೊರೆದು, ಬೇಟೆಗಾರರಿಗಾಗಿ ಉದ್ದನೆಯ ರೈಫಲುಗಳನ್ನು ಮಾಡುತ್ತಿದ್ದರು. ಅಲ್ಲಿ ಕರ್ಮಿಯು ತನ್ನ ಅಂಗಡಿಗೆ ತಾನೇ ಒಡೆಯ. ಅನೇಕರು ನಳಿಗೆಯ ಮೇಲೆ ಸ್ವಂತ ಹೆಸರನ್ನು ಕೆತ್ತಿದರು. ಇಲ್ಲಿ ಕರ್ಮಿಯು ಸರ್ಕಾರದ ಸೇವಕ. ಬಂದೂಕಿನ ಮೇಲೆ ಹುಲಿಯ ಪಟ್ಟೆ, ಸರ್ಕಾರದ ಮುದ್ರೆ, ಬಲದಿಂದ ಎಡಕ್ಕೆ ಬರೆದ ಮೌಲೂದಿ ಶಕದ ಅಂಕೆಗಳು. ಪಟ್ಟಣದ ಕೆಲವು ಉತ್ತಮ ಬಂದೂಕುಗಳಲ್ಲಿ ಸೈಯದ್ ಮಾಸೂಮನಂತಹ ನಿರ್ಮಾಪಕರ ಹೆಸರುಂಟು. ಆದರೆ ಅದಿರನ್ನು ಕರಗಿಸಿದವನು, ಇದ್ದಲು ಸುಟ್ಟವನು, ಪೆಟ್ಲುಪ್ಪನ್ನೂ ಗಂಧಕವನ್ನೂ ಬೆರಸಿ ಮದ್ದು ಅರೆದವನು, ಇವರ ಹೆಸರು ಯಾವ ನಳಿಗೆಯ ಮೇಲೆಯೂ ಇಲ್ಲ. ದುರ್ಗದ ಕೋಟೆಯಲ್ಲಿರುವ ಮದ್ದು ಬೀಸುವ ಮಹಾಶಿಲೆಗಳೇ ಅವರ ಶಾಸನ.

1799ರ ಮೇ 4ರಂದು ಪಟ್ಟಣವು ಬಿದ್ದಿತು. ಕರ್ಮಿಗಳಿಗೆ ಒಡೆಯನಿಲ್ಲದಂತಾಯಿತು, ಸಿಪಾಯಿಗಳಿಗೆ ಸಂಬಳ ತಪ್ಪಿತು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನು ಅಂದು ಸೆರೆಯಿಂದ ಬಿಡುಗಡೆ ಹೊಂದಿ, ಇಂತಹ ಸಿಪಾಯಿಗಳನ್ನು ಕೂಡಿಸಿಕೊಂಡು ಇಂಗ್ಲಿಷರೊಡನೆ ಹೋರಾಡಿ, 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಮಡಿದನು. 1830–31ರ ನಗರದ ರೈತರ ದಂಗೆಯಲ್ಲಿ ಹೊನ್ನಾಳಿಯೂ ಕಾಳಗವನ್ನು ಕಂಡಿತು. ಮುಂದೆ ಬ್ರಿಟಿಷ್ ಇಂಡಿಯಾದಲ್ಲಿ 1878ರ ಆಯುಧಗಳ ಕಾಯಿದೆಯು ಅಪ್ಪಣೆಯಿಲ್ಲದೆ ಬಂದೂಕು ಮಾಡುವುದನ್ನೂ ಮಾರುವುದನ್ನೂ ನಿಷೇಧಿಸಿತು.

ಅಮೆರಿಕದ ಕರ್ಮಿಯ ವಿದ್ಯೆಯು ಕೊಳ್ಳುವ ಬೇಟೆಗಾರನನ್ನು ನಂಬಿ ಉಳಿಯಿತು; ನಮ್ಮ ನಾಡಿನವನ ವಿದ್ಯೆಯು ಅರಸನೊಬ್ಬನನ್ನೇ ನಂಬಿದ್ದರಿಂದ ಅರಸನೊಡನೆಯೇ ಅಳಿಯಿತು. ಇಂದು ಪಟ್ಟಣದ ಬಂದೂಕುಗಳು ಪರದೇಶದ ವಸ್ತುಸಂಗ್ರಹಾಲಯಗಳಲ್ಲಿ ಟಿಪ್ಪುವಿನವೆಂದು ಪ್ರಸಿದ್ಧವಾಗಿವೆ. ಅವುಗಳನ್ನು ಬಡಿದು ಮಾಡಿದ ಕೈಗಳು ಈ ನಾಡಿನವೆಂಬುದನ್ನು ನೆನೆಯುವುದು ನಾಡಿನವರ ಪಾಲಿಗೆ ಉಳಿದಿರುವ ಋಣ.