ಸೌದೆ, ಗಾರೆ, ಕಲ್ಲಿದ್ದಲು: ಹಳೆಯ ಬೆಂಗಳೂರಿನ ಇಂಗಾಲದ ಮೂಲಗಳು

ಬೆಂಗಳೂರಿನ ಕೋಟೆ ಮತ್ತು ಪೇಟೆಗಳ ಹೊರಗೆ 1892ರಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗಿನ ಹಾವಳಿಯ ಬೆನ್ನಿಗೇ ಬಸವನಗುಡಿ ಮತ್ತು ಮಲ್ಲೇಶ್ವರಗಳೂ ರೂಪುಗೊಂಡಾಗ, ಅವುಗಳನ್ನು ಯೋಜಿಸಿದವರ ಗಮನವೆಲ್ಲ ಅಗಲವಾದ ರಸ್ತೆ, ಗಾಳಿ ಬೆಳಕು ಮತ್ತು ಚರಂಡಿಗಳ ಮೇಲಿತ್ತು. ಒಲೆಯ ಹೊಗೆ ಅಂದಿನ ಮಟ್ಟಿಗೆ ಕಣ್ಣು ಮತ್ತು ಉಸಿರಿನ ಉಪದ್ರವವಷ್ಟೇ ಆಗಿತ್ತು. ಅದೇ ದಶಕದಲ್ಲಿ, 1896ರಲ್ಲಿ, ಸ್ವೀಡನ್ನಿನ ರಸಾಯನ ವಿಜ್ಞಾನಿ ಸ್ವಾಂಟೆ ಅರೇನಿಯಸ್ ವಾತಾವರಣದ ಇಂಗಾಲದ ಡೈಆಕ್ಸೈಡ್ ಹೆಚ್ಚು ಕಡಿಮೆಯಾದರೆ ಭೂಮಿಯ ಉಷ್ಣತೆ ಎಷ್ಟು ಏರಿಳಿಯಬಹುದೆಂದು ಲೆಕ್ಕ ಹಾಕಿ ಪ್ರಕಟಿಸಿದ್ದರು. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280ರಷ್ಟಿದ್ದ ಈ ಅನಿಲ ಇಂದು 420ನ್ನು ದಾಟಿದೆ. ಈ ಏರಿಕೆಗೆ ಕಾರಣವಾದ ಮಾನವ ಮೂಲಗಳಲ್ಲಿ ಕಲ್ಲಿದ್ದಲು, ಎಣ್ಣೆ ಮತ್ತು ನೈಸರ್ಗಿಕ ಅನಿಲಗಳ ದಹನ, ಕಾಡಿನ ನಾಶ ಹಾಗೂ ಸಿಮೆಂಟಿನ ತಯಾರಿಕೆ ಪ್ರಮುಖವಾದವು. ಇವು ಈ ಮೂರು ಬಡಾವಣೆಗಳ ಬದುಕಿನೊಳಗೆ ಬಂದು ಸೇರಿದ ಬಗೆಯನ್ನು ನೋಡಿದರೆ, ಕಣ್ಣಿಗೆ ಕಾಣುವ ಹೊಗೆಗೂ ವಾತಾವರಣ ಹೊರುವ ಹೊರೆಗೂ ನೇರ ನಂಟಿಲ್ಲವೆಂಬುದು ತಿಳಿದುಬರುತ್ತದೆ.

ಮೊದಲ ಹಲವು ದಶಕಗಳ ಕಾಲ ಇಲ್ಲಿನ ಮನೆಗಳು ಉರಿಸಿದ್ದು ಮುಖ್ಯವಾಗಿ ಸೌದೆಯನ್ನು. ಅಡುಗೆಮನೆಯಲ್ಲಿ ಮಣ್ಣಿನ ಒಲೆ, ಬಚ್ಚಲಲ್ಲಿ ತಾಮ್ರದ ಹಂಡೆ ಹೂತ ಒಲೆ, ಕಾಫಿಗೋ ಹಾಲು ಕಾಯಿಸುವುದಕ್ಕೋ ಇದ್ದಿಲ ಅಗ್ಗಿಷ್ಟಿಕೆ, ಮರದ ಹೊಟ್ಟು ಸಿಗುವ ಕಡೆ ಹೊಟ್ಟಿನ ಒಲೆ ಇರುತ್ತಿದ್ದವು. ಸೌದೆ ಡಿಪೋದಲ್ಲಿ ತೂಕಕ್ಕೆ ಕೊಂಡ ಕೊರಡುಗಳನ್ನು ಸೀಳಿಸಿ ಹಿತ್ತಲಲ್ಲಿ ಒಟ್ಟಿಡುವುದು ಮಳೆಗಾಲಕ್ಕೆ ಮುಂಚಿನ ಗೃಹಕೃತ್ಯವಾಗಿತ್ತು. ಒಂದು ಕಿಲೋ ಒಣ ಸೌದೆ ಪೂರ್ತಿ ಉರಿದರೆ, ಅದರ ಇಂಗಾಲ ಗಾಳಿಯ ಆಮ್ಲಜನಕದೊಡನೆ ಕೂಡುವುದರಿಂದ, ಸುಮಾರು ಒಂದೂಮುಕ್ಕಾಲು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆದರೆ ಅದು ಮರವು ಕೆಲವೇ ವರ್ಷಗಳ ಹಿಂದೆ ಗಾಳಿಯಿಂದ ಹೀರಿದ್ದ ಇಂಗಾಲ. ಬೆಂಗಳೂರಿನ ಸುತ್ತ ಸೌದೆಗೆಂದೇ ಬೆಳೆಸುತ್ತಿದ್ದ ಸರ್ವೆ ತೋಪುಗಳಲ್ಲಿ ಕಡಿದ ಜಾಗದಲ್ಲಿ ಮತ್ತೆ ಸಸಿ ನೆಟ್ಟರೆ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತಿತ್ತು. ಮತ್ತೆ ಬೆಳೆಯದ ಕಾಡಿನಿಂದ ಸೌದೆ ಬಂದಾಗ ಮಾತ್ರ ಅದು ತೀರದ ಸಾಲವಾಗುತ್ತಿತ್ತು. ಹಾಗೆಂದು ಸೌದೆಯ ಕಾಲವನ್ನು ಹಾಡಿ ಹೊಗಳುವುದು ಅನ್ಯಾಯವೇ ಸರಿ, ಏಕೆಂದರೆ ಊದುಗೊಳವೆ ಹಿಡಿದು ಆ ಹೊಗೆಯನ್ನು ಕುಡಿದವರು ಮನೆಯ ಹೆಂಗಸರು. ಮಲ್ಲೇಶ್ವರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು, ಕಡಿಮೆ ಸೌದೆ ಬೇಡುವ ಮತ್ತು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ ಅಸ್ತ್ರ ಒಲೆಯನ್ನು ರೂಪಿಸಿದ್ದು ಈ ಸಂಕಟಕ್ಕೆ ದೊರೆತ ಗಂಭೀರ ಉತ್ತರಗಳಲ್ಲೊಂದು.

ಹಳೆಯ ಮನೆಗಳ ಗೋಡೆಗಳಲ್ಲಿಯೂ ಇಂಗಾಲದ ಚರಿತ್ರೆ ಅಡಗಿದೆ. ಸುಣ್ಣದ ಕಲ್ಲು, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬೆಂದಾಗ ಶುದ್ಧವಾದ 100 ಕಿಲೋ ಕಲ್ಲಿನಿಂದ 56 ಕಿಲೋ ಸುಟ್ಟ ಸುಣ್ಣ ಉಳಿದು, ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಇದು ಉರುವಲಿನಿಂದಲ್ಲ, ಕಲ್ಲಿನಿಂದಲೇ ಹೊಮ್ಮುವ ಅನಿಲ. ಹೀಗೆ ದೊರೆತ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ, ಎತ್ತು ಕಟ್ಟಿದ ಗಾಣದ ಕಲ್ಲುಚಕ್ರದಡಿ ಅರೆದು ಗಾರೆ ಮಾಡುತ್ತಿದ್ದರು. ಮದ್ರಾಸ್ ತಾರಸಿಯ ಮರದ ತೊಲೆಗಳ ಮೇಲೆ ಅಂಚಿನ ಮೇಲೆ ನಿಲ್ಲಿಸಿದ ಇಟ್ಟಿಗೆಗಳನ್ನು ಬಂಧಿಸಿದ್ದೂ ಇದೇ ಗಾರೆ. ವಿಶೇಷವೆಂದರೆ, ಗಾರೆ ಗಟ್ಟಿಯಾಗುವುದೇ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರಿಕೊಳ್ಳುವ ಮೂಲಕ. ಗೂಡಿನಲ್ಲಿ ಕಳೆದುಕೊಂಡದ್ದರ ಬಹುಪಾಲನ್ನು ಗೋಡೆಯು ವರ್ಷಗಳ ಕಾಲ ನಿಧಾನವಾಗಿ ವಾಪಸು ಪಡೆಯುತ್ತದೆ. ಸಿಮೆಂಟೂ ಅಷ್ಟಿಷ್ಟು ಹೀರುತ್ತದಾದರೂ ಅದನ್ನು ಬೇಯಿಸಲು ಸುಮಾರು 1450 ಡಿಗ್ರಿ ಶಾಖ ಬೇಕು, ಆ ಶಾಖಕ್ಕೆ ಕಲ್ಲಿದ್ದಲು ಬೇಕು. ಬಸವನಗುಡಿಯ ಹೆಂಚಿನ ಮನೆಗಳನ್ನು ಕೆಡವಿ ಅದೇ ನಿವೇಶನದಲ್ಲಿ ನಾಲ್ಕಂತಸ್ತು ಎಬ್ಬಿಸುವಾಗ ಸುರಿಯುವ ಕಾಂಕ್ರೀಟಿನ ಈ ಬೆಲೆಯನ್ನು ಯಾವ ಗುತ್ತಿಗೆದಾರನ ಅಂದಾಜುಪಟ್ಟಿಯೂ ನಮೂದಿಸುವುದಿಲ್ಲ.

ಸೌದೆಯ ಜಾಗಕ್ಕೆ ಸೀಮೆಎಣ್ಣೆಯ ಬತ್ತಿ ಸ್ಟೌ, ಪಂಪ್ ಸ್ಟೌಗಳೂ ಆಮೇಲೆ ಗ್ಯಾಸೂ ಬಂದವು. 14.2 ಕಿಲೋ ಅನಿಲ ತುಂಬಿದ ಒಂದು ಸಿಲಿಂಡರ್ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಕೋಟ್ಯಂತರ ವರ್ಷ ನೆಲದಡಿ ಹುದುಗಿದ್ದ ಈ ಇಂಗಾಲವನ್ನು ಅಷ್ಟೇ ವೇಗದಲ್ಲಿ ಮರಳಿ ಹೀರುವ ತೋಪು ಎಲ್ಲಿಯೂ ಇಲ್ಲ. ರಸ್ತೆಯ ಕಥೆಯೂ ಇದೇ. ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಮೈಸೂರು ಸಂಸ್ಥಾನದ ಭಾಗ್ಯ ದೊಡ್ಡದಿತ್ತು. ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರ ಯೋಜನೆ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಒದಗಿಸಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಿಗೆ ಅದೇ ಬೆಳಕು ಬಂತು. ಮದ್ರಾಸು, ಕಲಕತ್ತೆಗಳು ಕಲ್ಲಿದ್ದಲ ಹೊಗೆಯಲ್ಲಿ ದೀಪ ಹಚ್ಚುತ್ತಿದ್ದಾಗ ಬಸವನಗುಡಿಯ ದೀಪಗಳನ್ನು ಕಾವೇರಿಯ ಧುಮುಕು ಬೆಳಗಿಸಿತು. ಮುಂದೆ ಜೋಗ, ಶರಾವತಿಗಳೂ ಸೇರಿ, ದಶಕಗಳ ಕಾಲ ರಾಜ್ಯದೊಳಗಿನ ಉತ್ಪಾದನೆ ಬಹುತೇಕ ಜಲವಿದ್ಯುತ್ತೇ ಆಗಿತ್ತು. ಜಲಾಶಯಗಳಲ್ಲಿ ಮುಳುಗಿದ ಕಾಡು ಮತ್ತು ಊರುಗಳ ನಷ್ಟ ಅದರ ಇನ್ನೊಂದು ಮುಖ. ಬೇಡಿಕೆ ಬೆಳೆದು, ಮಳೆ ಕೈಕೊಟ್ಟ ವರ್ಷಗಳಲ್ಲಿ ಕತ್ತಲು ಕವಿದು, ಕೊನೆಗೆ 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲ ಸ್ಥಾವರದ ಮೊದಲ ಘಟಕ ಆರಂಭವಾಯಿತು. ಸಿಂಗರೇಣಿ ಮೊದಲಾದ ಗಣಿಗಳಿಂದ ಅದಕ್ಕೆ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಕಲ್ಲಿದ್ದಲಿನಿಂದ ಪಡೆದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ, ಮತ್ತು ಎರಡು ಕಿಲೋವಾಟಿನ ಗೀಸರ್ ಅರ್ಧ ಗಂಟೆಯಲ್ಲಿ ಆ ಒಂದು ಯೂನಿಟನ್ನು ಮುಗಿಸುತ್ತದೆ. ಮಲ್ಲೇಶ್ವರದ ಬಚ್ಚಲಿನ ಹಂಡೆ ಒಲೆ ಆರಿದ ಮೇಲೆ ಅದರ ಹೊಗೆಯ ಒಂದು ಪಾಲು ರಾಯಚೂರಿನ ಚಿಮಣಿಗೆ ವರ್ಗವಾಯಿತು. ಹಾರುಬೂದಿ ಬೀಳುವುದು ಅಲ್ಲಿನ ಹೊಲಗಳ ಮೇಲೆ.

ಬೆಂಗಳೂರಿನ ತಾರಸಿಗಳ ಮೇಲೆ ಹಬ್ಬಿರುವ ಸೌರ ನೀರು ಕಾಯಿಸುವ ಸಾಧನಗಳೂ, 2,050 ಮೆಗಾವಾಟ್ ಸಾಮರ್ಥ್ಯದ ಪಾವಗಡದ ಸೌರ ಉದ್ಯಾನವೂ ಕಲ್ಲಿದ್ದಲಿನ ಈ ಪಾಲನ್ನು ಇಳಿಸುತ್ತಿವೆ. ಆದರೆ ಸೂರ್ಯ ಮುಳುಗಿದ ಮೇಲೆ ಬಸವನಗುಡಿಯ ಗಾಂಧಿ ಬಜಾರಿನ ಅಂಗಡಿಗಳೂ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯ ಅಂಗಡಿಗಳೂ ಒಟ್ಟಿಗೆ ದೀಪ ಹಾಕುವ ಹೊತ್ತಿಗೆ, ಜಲಾಶಯಗಳ ಜೊತೆಗೆ ಕಲ್ಲಿದ್ದಲ ಬಾಯ್ಲರುಗಳೂ ದುಡಿಯಬೇಕಾಗಿದೆ.